ಆಥೆನ್ಸಿನ ಒಲಿಂಪಿಕ ಮಹೋತ್ಸವವೂ ಪುರಜನರ ಉತ್ಸಾಹವೂ (ಕ್ರಿ. ಶ. ೧೮೯೬)

೧. ಉಪಕ್ರಮ

ಪ್ರಾಚೀನ ಯವನದೇಶದ ಒಲಿಂಪಿಯಾ ಕ್ಷೇತ್ರದಲ್ಲಿ ನಾಲ್ಕು ವರ್ಷಗಳಿಗೊಮ್ಮೆ, ದೇವರಾಜನಾದ ಜ್ಯೂಸನ ಪ್ರೀತ್ಯರ್ಥವಾಗಿ ನಡೆಯುತ್ತಿದ್ದ ಕ್ರೀಡೋತ್ಸವವು ಕ್ರಿ. ಪೂ. ೭೭೬ರಲ್ಲಿ ಆರಂಭವಾಯಿತೆಂದು ಸಂಪ್ರದಾಯ. ರೋಮಕ ಚಕ್ರವರ್ತಿಯಾದ ಥಿಯೊಡೋಸಿಯಸನ ಆಳ್ವಿಕೆಯಲ್ಲಿ, ಎಂದರೆ ಕ್ರಿ. ಶ. ನಾಲ್ಕನೆಯ ಶತಮಾನದ ಅಂತ್ಯಭಾಗದಲ್ಲಿ, ಅದು ನಿಂತುಹೋಯಿತೆಂದು ಸಾಮಾನ್ಯವಾಗಿ ಹೇಳುವರು. ಅಲ್ಲಿಂದ ಸುಮಾರು ಹದಿನೈದು ಶತಮಾನಗಳು ಕಳೆದ ಮೇಲೆ, ೧೮೯೬ರಲ್ಲಿ, ಆ ಉತ್ಸವವು ಸರ್ವರಾಷ್ಟ್ರಗಳ ಕ್ರೀಡೋತ್ಸವವೆಂಬ ಹೊಸ ರೂಪದಿಂದ ಆಥೆನ್ಸ್ ನಗರದಲ್ಲಿ ಪುನಃ ಪ್ರವರ್ತಿಸಿತು.

ಈ ಪುನರುದ್ಧಾರದ ಕೀರ್ತಿಯು ಯಾರಿಗೆ ಸಲ್ಲತಕ್ಕದ್ದೆಂಬ ವಿಷಯದಲ್ಲಿ ಅಭಿಪ್ರಾಯಗಳು ಭಿನ್ನವಾಗಿವೆ. ಫ್ರಾನ್ಸ್ ದೇಶದ ಕುಲೀನನಾದ ಪಿಯೆರ್ ದ ಕೂಬರ್ತಾಂ ಎಂಬವನ ಸಂಕಲ್ಪವೇ ಸರ್ವಕಾರಣವೆಂಬುದು ಒಂದು ಪಕ್ಷ. ಗ್ರೀಸಿನ ರಾಜಗೃಹದ ಆಶ್ರಯವೇ ಮುಖ್ಯವೆಂಬುದು ಇನ್ನೊಂದು ಪಕ್ಷ. ಇವೆರಡೂ ಅಸತ್ಯವಲ್ಲ, ಆದರೆ ಇವೆರಡರಲ್ಲಿಯೂ ಪುರಜನರ ಮಾತು ಮರೆಯಾಗುತ್ತದೆ. ಬೊಕ್ಕಸವು ಬರಿದಾಗಿದ್ದ ಒಂದು ಸಣ್ಣ ರಾಜ್ಯದ ಜನರು, ಲೋಕವೆಲ್ಲ ತಮ್ಮ ಮನೆಗೆ ಅತಿಥಿಯಾಗಿ ಬರುವುದೆಂದು ಕೇಳಿ ಏನು ಮಾಡಿದರು, ಆ ಉತ್ಸಾಹದಿಂದ ಏನನ್ನು ಪಡೆದರು, ಏನನ್ನು ಮರೆತರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨. ಕಾಲನಿರ್ಣಯ

ಮೊದಲು ತಿಥಿಗಳ ವಿಷಯವನ್ನು ಹೇಳಬೇಕು. ಉತ್ಸವದ ಆರಂಭದಿನವು ಕೆಲವು ಗ್ರಂಥಗಳಲ್ಲಿ ಮಾರ್ಚಿ ೨೫ ಎಂದೂ ಕೆಲವು ಗ್ರಂಥಗಳಲ್ಲಿ ಏಪ್ರಿಲ್ ೬ ಎಂದೂ ಕಂಡುಬರುತ್ತದೆ. ಇದು ವಿರೋಧವಲ್ಲ. ಆಗ ಗ್ರೀಸ್ ದೇಶದಲ್ಲಿ ಹಳೆಯ ಜೂಲಿಯನ್ ಪಂಚಾಂಗವು ರೂಢಿಯಲ್ಲಿದ್ದಿತು. ಪಶ್ಚಿಮ ಯೂರೋಪಿನಲ್ಲಿ ಗ್ರೆಗೋರಿಯನ್ ಪಂಚಾಂಗವು ನಡೆಯುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇವೆರಡಕ್ಕೂ ಹನ್ನೆರಡು ದಿನಗಳ ಅಂತರ. ಗ್ರೀಕರು ೧೮೨೧ರ ಸ್ವಾತಂತ್ರ್ಯಸಮರದ ಸ್ಮರಣೆಯನ್ನು ಮಾರ್ಚಿ ೨೫ರಂದು ಆಚರಿಸುವರಾದುದರಿಂದ ಆ ದಿನವನ್ನೇ ಉತ್ಸವಾರಂಭಕ್ಕೆ ಆರಿಸಿದರು. ಆ ವರ್ಷ ಅದು ಈಸ್ಟರ್ ಹಬ್ಬದ ಮರುದಿನದ ಸೋಮವಾರವೂ ಆಗಿದ್ದಿತು. ಹೀಗೆ ಮತದ ಹಬ್ಬ, ರಾಷ್ಟ್ರದ ಹಬ್ಬ, ಕ್ರೀಡೆಯ ಹಬ್ಬ ಎಂಬ ಮೂರೂ ಒಂದೇ ಕಾಲದಲ್ಲಿ ಕೂಡಿದುವು. ಜನರ ಸಂಭ್ರಮವನ್ನು ಅಳೆಯುವಾಗ ಈ ಯೋಗವನ್ನು ಮರೆಯಲಾಗದು. ಮುಂದೆ ಹೇಳುವ ತಾರೀಖುಗಳೆಲ್ಲ ಗ್ರೆಗೋರಿಯನ್ ಗಣನೆಯವು.

೩. ಪೂರ್ವವೃತ್ತಾಂತ

ಒಲಿಂಪಿಕ ಕ್ರೀಡೆಗಳನ್ನು ಎಚ್ಚರಿಸಬೇಕೆಂಬ ಆಸೆಯು ಗ್ರೀಕರಿಗೆ ಹೊರಗಿನಿಂದ ಬಂದುದಲ್ಲ. ಸ್ವಾತಂತ್ರ್ಯವು ದೊರೆತ ಕೆಲವೇ ವರ್ಷಗಳಲ್ಲಿ ಪನಾಯೋತಿಸ್ ಸೂತ್ಸೋಸ್ ಎಂಬ ಕವಿಯು ಈ ಸಲಹೆಯನ್ನು ಮಾಡಿದ್ದನು. ರುಮೇನಿಯಾ ಪ್ರಾಂತದಲ್ಲಿ ಐಶ್ವರ್ಯವನ್ನು ಗಳಿಸಿದ ಇವಾಂಗೆಲೋಸ್ ಜಾಪ್ಪಾಸನೆಂಬ ಗ್ರೀಕನು ಅದಕ್ಕೆ ಹಣವನ್ನು ಕೊಟ್ಟನು. ಅವನ ದ್ರವ್ಯಸಹಾಯದಿಂದ ೧೮೫೯ರಲ್ಲಿ ಆಥೆನ್ಸಿನ ಒಂದು ಚೌಕದಲ್ಲಿಯೂ, ಅವನ ಮರಣಾನಂತರ ೧೮೭೦ ಮತ್ತು ೧೮೭೫ರಲ್ಲಿ ನಗರದ ಪ್ರಾಚೀನ ಕ್ರೀಡಾಂಗಣದಲ್ಲಿಯೂ ಗ್ರೀಕರೊಳಗಿನ ಸ್ಪರ್ಧೆಗಳು ನಡೆದುವು. ಆ ಅಂಗಣವು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಲೈಕರ್ಗಸನಿಂದ ನಿರ್ಮಿತವಾಗಿ, ಕ್ರಿ. ಶ. ಎರಡನೆಯ ಶತಮಾನದಲ್ಲಿ ಹೆರೋಡಿಸ್ ಆಟ್ಟಿಕಸನೆಂಬ ಧನಿಕನಿಂದ ಅಮೃತಶಿಲೆಯ ಹೊದಿಕೆಯನ್ನು ಪಡೆದುದು. ಕಾಲಾಂತರದಲ್ಲಿ ಅದರ ಶಿಲೆಗಳು ಕಳೆದುಹೋಗಿ, ಉಳಿದುದು ಮಣ್ಣಿನ ದಿಣ್ಣೆ ಮಾತ್ರ.

ಆದುದರಿಂದ ಕೂಬರ್ತಾಂ ಹೊಸತಾಗಿ ತಂದುದು ಒಲಿಂಪಿಕವೆಂಬ ಹೆಸರಲ್ಲ. ಅದನ್ನು ಸರ್ವರಾಷ್ಟ್ರಗಳಿಗೂ ತೆರೆಯಬೇಕೆಂಬ ನಿಯಮ. ೧೮೯೪ನೆಯ ಜೂನ್ ತಿಂಗಳಲ್ಲಿ ಪ್ಯಾರಿಸಿನ ಸೊರ್ಬಾನ್ ವಿದ್ಯಾಪೀಠದಲ್ಲಿ ಕೂಡಿದ ಸಭೆಯು ಮೊದಲನೆಯ ಉತ್ಸವವನ್ನು ೧೮೯೬ರಲ್ಲಿ ಆಥೆನ್ಸಿನಲ್ಲಿ ನಡೆಸತಕ್ಕದ್ದೆಂದು ನಿರ್ಣಯಿಸಿತು. ಪ್ಯಾರಿಸಿನಲ್ಲಿ ವಾಸವಾಗಿದ್ದ ಗ್ರೀಕ್ ಸಾಹಿತಿ ದಿಮಿತ್ರಿಯೋಸ್ ವಿಕೇಲಾಸನು ಒಲಿಂಪಿಕ ಸಮಿತಿಯ ಪ್ರಥಮಾಧ್ಯಕ್ಷನಾದನು. ಅತಿಥಿಗಳು ಹೊರಟರು, ಆದರೆ ಮನೆಯ ಯಜಮಾನನನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ.

೪. ಪ್ರಧಾನಿಯ ನಿರಾಕರಣ

ಆಗಿನ ಪ್ರಧಾನಮಂತ್ರಿಯಾಗಿದ್ದ ಖರಿಲಾವೋಸ್ ತ್ರಿಕೂಪಿಸನು ದೂರದೃಷ್ಟಿಯುಳ್ಳ ರಾಜಕಾರ್ಯಧುರಂಧರನು. ರೈಲುಮಾರ್ಗ, ರಸ್ತೆ, ಕಾಲುವೆಗಳಿಂದ ದೇಶವನ್ನು ಮುಂದಕ್ಕೆ ತರಬೇಕೆಂದು ಪರದೇಶಗಳಿಂದ ಬಹಳವಾಗಿ ಸಾಲವನ್ನೆತ್ತಿದ್ದನು. ದೇಶದ ಮುಖ್ಯ ರಫ್ತಾಗಿದ್ದ ಒಣದ್ರಾಕ್ಷಿಯ ಬೆಲೆಯು ೧೮೯೩ರಲ್ಲಿ ಕುಸಿಯಿತು. ಆ ವರ್ಷದ ಕೊನೆಯಲ್ಲಿ ರಾಜ್ಯವು ದಿವಾಳಿಯೆಂದು ಅವನೇ ಪಾರ್ಲಿಮೆಂಟಿನಲ್ಲಿ ಸಾರಬೇಕಾಯಿತು. ಹೀಗಿರಲು, ಸಾಲಗಾರರು ಬಾಗಿಲಲ್ಲಿ ನಿಂತಿರುವಾಗ ಉತ್ಸವವನ್ನು ಮಾಡುವುದು ಯುಕ್ತವಲ್ಲವೆಂದು ಅವನು ನಿರಾಕರಿಸಿದುದರಲ್ಲಿ ಆಶ್ಚರ್ಯವಿಲ್ಲ. ಜಾಪ್ಪಾಸನ ನಿಧಿಯ ಸಮಿತಿಯೂ ಅದೇ ಅಭಿಪ್ರಾಯವನ್ನು ಕೂಬರ್ತಾಂನಿಗೆ ಬರೆದು ತಿಳಿಸಿತು. ಉತ್ಸವವು ಹಂಗೇರಿ ದೇಶಕ್ಕೆ ಹೋಗಬಹುದೆಂಬ ಮಾತೂ ಆಗ ಹುಟ್ಟಿತು.

ಕೂಬರ್ತಾಂ ೧೮೯೪ರ ಶರತ್ಕಾಲದಲ್ಲಿ ತಾನೇ ಆಥೆನ್ಸಿಗೆ ಬಂದು, ಪಾರ್ನಾಸೋಸ್ ಎಂಬ ವಿದ್ವತ್ಸಭೆಯಲ್ಲಿ ಉಪನ್ಯಾಸವನ್ನು ಮಾಡಿದನು. ಯುವರಾಜನಾದ ಕಾನ್‌ಸ್ಟಂಟೈನನು ಕಾರ್ಯಭಾರವನ್ನು ವಹಿಸಲು ಒಪ್ಪಿದನು. ೧೮೯೫ರ ಜನವರಿಯಲ್ಲಿ ತ್ರಿಕೂಪಿಸನು ಅಧಿಕಾರವನ್ನು ಬಿಟ್ಟನು. ಆ ವರ್ಷದ ಚುನಾವಣೆಯಲ್ಲಿ ಅವನಿಗೆ ಪಾರ್ಲಿಮೆಂಟಿನ ಸ್ಥಾನವೂ ತಪ್ಪಿತು. ಅವನ ಪ್ರತಿಪಕ್ಷದವನಾದ ದೆಲಿಯಾನ್ನಿಸನು ಉತ್ಸವಕ್ಕೆ ಅನುಕೂಲನು. ಹೀಗೆ ಉತ್ಸವದ ಪ್ರಶ್ನೆಯು ಪಕ್ಷಗಳ ಕಲಹದೊಳಗೂ ಸೇರಿತು. ಬೇಡವೆಂದವನು ದೇಶದ ಮಾನವನ್ನು ಕಡೆಗಣಿಸಿದವನೆಂಬ ಭಾವನೆ ಬೆಳೆಯಿತು. ಆದರೆ ಅವನ ಲೆಕ್ಕವು ತಪ್ಪೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ.

೫. ದ್ರವ್ಯಸಂಗ್ರಹ

ಬೊಕ್ಕಸವು ಕೊಡಲಾರದುದನ್ನು ಜನರೇ ಕೊಡಲು ಮುಂದಾದರು. ಇದೇ ಈ ಚರಿತ್ರೆಯ ಮುಖ್ಯ ಭಾಗ. ಆಥೆನ್ಸಿನ ಮಾಜಿ ಪುರಾಧ್ಯಕ್ಷನಾದ ತಿಮೊಲೆಯೋನ್ ಫಿಲಿಮೋನನು ಸಮಿತಿಯ ಪ್ರಧಾನ ಕಾರ್ಯದರ್ಶಿಯಾಗಿ ನಿಂತು ಚಂದಾವಸೂಲಿಯನ್ನು ನಡೆಸಿದನು. ಸ್ವದೇಶದಲ್ಲಿದ್ದ ಗ್ರೀಕರಿಂದಲೂ ಪರದೇಶಗಳಲ್ಲಿ ವರ್ತಕರಾಗಿ ನೆಲೆಸಿದ್ದ ಗ್ರೀಕರಿಂದಲೂ ಸುಮಾರು ೩,೩೦,೦೦೦ ದ್ರಾಖ್ಮೆಗಳು ಕೂಡಿದುವು. ಉತ್ಸವಸ್ಮಾರಕವಾಗಿ ಹನ್ನೆರಡು ಬಗೆಯ ಅಂಚೆಚೀಟಿಗಳನ್ನು ಮುದ್ರಿಸಿದರು. ಅವುಗಳಿಂದ ೪,೦೦,೦೦೦ ದ್ರಾಖ್ಮೆಗಳೂ, ಪ್ರವೇಶದ ಚೀಟಿಗಳಿಂದ ೨,೦೦,೦೦೦ ದ್ರಾಖ್ಮೆಗಳೂ ದೊರೆತುವು.

ಇವೆಲ್ಲಕ್ಕಿಂತ ಮಿಗಿಲಾದುದು ಗಿಯೋರ್ಗಿಯೋಸ್ ಆವೆರೋಫನ ದಾನ. ಮೆತ್ಸೋವೋ ಎಂಬ ಬೆಟ್ಟದೂರಿನಲ್ಲಿ ಹುಟ್ಟಿ, ಮಿಸರದೇಶದ ಅಲೆಕ್ಸಾಂಡ್ರಿಯಾದಲ್ಲಿ ವ್ಯಾಪಾರದಿಂದ ಸಂಪನ್ನನಾದ ಈ ವರ್ತಕನು, ಯುವರಾಜನ ಪ್ರಾರ್ಥನೆಯಂತೆ ಹಳೆಯ ಕ್ರೀಡಾಂಗಣವನ್ನು ಪೆಂಟೆಲಿಕಸ್ ಪರ್ವತದ ಅಮೃತಶಿಲೆಯಿಂದಲೇ ಮತ್ತೆ ಕಟ್ಟಿಸುವುದಕ್ಕೆ ಒಪ್ಪಿ, ೯,೨೦,೦೦೦ ದ್ರಾಖ್ಮೆಗಳನ್ನು ಕೊಟ್ಟನು. ಮೇಲೆ ಎಣಿಸಿದ ಮೂರು ಮೂಲಗಳ ಮೊತ್ತವು ೯,೩೦,೦೦೦. ಎಂದರೆ ಒಬ್ಬನ ದಾನವು ಉಳಿದುದೆಲ್ಲಕ್ಕೂ ಸಮಸಮವಾಯಿತು. ಹೆರೋಡಿಸನ ಕಾಲದಲ್ಲಿದ್ದಂತೆ ಈಗಲೂ ಒಬ್ಬ ಧನಿಕನೇ ಆ ದಿಣ್ಣೆಗೆ ಶಿಲೆಯನ್ನು ಹೊದಿಸಿದನು. ಕಾಲವು ಸಾಲದೆ ಮೇಲಿನ ಸಾಲುಗಳಿಗೆ ಮರದ ಪೀಠಗಳನ್ನೇ ಹಾಕಬೇಕಾಯಿತು. ಅವುಗಳಿಗೆ ಬಿಳಿಯ ಬಣ್ಣವನ್ನು ಬಳಿದರು. ಉತ್ಸವದ ಹಿಂದಿನ ದಿನ, ಏಪ್ರಿಲ್ ೫ರಂದು, ಅಂಗಣದ ಮುಂದೆ ಆವೆರೋಫನ ಪ್ರತಿಮೆಯನ್ನು ತೆರೆದರು. ಅದು ಇಂದಿಗೂ ಅಲ್ಲಿಯೇ ನಿಂತಿದೆ.

೬. ಉತ್ಸವದ ದಿನಗಳು

ಏಪ್ರಿಲ್ ೬ರಂದು ರಾಜನಾದ ಒಂದನೆಯ ಜಾರ್ಜನು ಉತ್ಸವದ ಪ್ರಾರಂಭವನ್ನು ಘೋಷಿಸಿದನು. ಕೋಸ್ತಿಸ್ ಪಲಮಾಸನು ರಚಿಸಿ ಸ್ಪಿರಿಡಾನ್ ಸಮಾರಾಸನು ರಾಗವನ್ನು ಕೂಡಿಸಿದ ಗೀತವನ್ನು ಹಾಡಿದರು. ಅಂಗಣದೊಳಗೆ ಸುಮಾರು ೮೦,೦೦೦ ಜನರು ಸೇರಿದ್ದರೆಂದು ಅಂದಾಜು. ಚೀಟಿಯನ್ನು ಕೊಳ್ಳಲಾರದವರು ಸುತ್ತಣ ಗುಡ್ಡಗಳನ್ನೇರಿ ಕುಳಿತರು. ಆಗಿನ ಆಥೆನ್ಸಿನ ಜನಸಂಖ್ಯೆಯು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ ಇದ್ದಿತೆಂಬುದನ್ನು ನೆನೆದರೆ, ಊರಿಗೂರೇ ಹೊರಟಿತ್ತೆಂದು ಹೇಳುವುದು ಅತಿಶಯೋಕ್ತಿಯಲ್ಲ.

ಮೊದಲ ದಿನವೇ ಅತಿಥೇಯರ ಆಸೆಗೆ ಪೆಟ್ಟು ಬಿದ್ದಿತು. ಮೂರು ನೆಗೆತಗಳ ಸ್ಪರ್ಧೆಯಲ್ಲಿ ಅಮೆರಿಕದ ಜೇಮ್ಸ್ ಕಾನೊಲಿ ಗೆದ್ದು ನವಯುಗದ ಮೊದಲ ವಿಜೇತನೆನಿಸಿದನು. ಚಕ್ರಕ್ಷೇಪವು ಗ್ರೀಕರ ಕುಲವಿದ್ಯೆಯೆಂದು ಎಲ್ಲರೂ ನಂಬಿದ್ದರು. ಅದರಲ್ಲಿಯೂ ಅಮೆರಿಕದ ರಾಬರ್ಟ್ ಗ್ಯಾರೆಟ್ಟನು ಪರಸ್ಕೆವೋಪೂಲೋಸನನ್ನು ಒಂದು ಗೇಣಿಗೂ ಕಡಮೆಯಾದ ಅಂತರದಿಂದ ಮೀರಿಸಿದನು. ಕತ್ತಿವರಸೆ ಮೊದಲಾದ ಬೇರೆ ಸ್ಪರ್ಧೆಗಳಲ್ಲಿ ಗ್ರೀಕರು ಮುಂದೆ ಗೆದ್ದರಾದರೂ, ಅಂಗಣದ ಓಟ, ನೆಗೆತ, ಎಸೆತಗಳಲ್ಲಿ ಅವರಿಗೆ ಒಂದು ಜಯವೂ ಬಾರದೆ ದಿನಗಳು ಕಳೆದುವು. ಆದರೂ ಪುರಜನರು ಗೆದ್ದ ಪರದೇಶೀಯರಿಗೆ ಜಯಕಾರವನ್ನು ಮಾಡಿದರು. ಸೋತ ದಿನ ಅತಿಥಿಯನ್ನು ಆದರಿಸುವುದೇ ಅತಿಥೇಯನ ಪರೀಕ್ಷೆ. ಆ ಪರೀಕ್ಷೆಯಲ್ಲಿ ಆಥೆನ್ಸಿನ ಜನರು ಗೆದ್ದರು.

೭. ಮ್ಯಾರಥಾನ್ ಓಟ

ಏಪ್ರಿಲ್ ೧೦ರಂದು ನಡೆದ ಮ್ಯಾರಥಾನ್ ಓಟವು ಪ್ರಾಚೀನ ಒಲಿಂಪಿಯಾದಲ್ಲಿ ಇದ್ದುದಲ್ಲ. ಪಾರಸಿಕರ ಮೇಲಣ ಜಯದ ವಾರ್ತೆಯನ್ನು ಓಡಿ ತಂದ ದೂತನ ಐತಿಹ್ಯವನ್ನು ಅವಲಂಬಿಸಿ, ಫ್ರಾನ್ಸಿನ ಶಬ್ದಶಾಸ್ತ್ರಜ್ಞನಾದ ಮಿಶೆಲ್ ಬ್ರೆಯಾಲನು ಇದನ್ನು ಸೂಚಿಸಿ, ವಿಜೇತನಿಗೆಂದು ಬೆಳ್ಳಿಯ ಪಾತ್ರೆಯೊಂದನ್ನು ಕೊಟ್ಟನು. ಮ್ಯಾರಥಾನ್ ಗ್ರಾಮದಿಂದ ಕ್ರೀಡಾಂಗಣಕ್ಕೆ ಸುಮಾರು ೪೦ ಕಿಲೋಮೀಟರುಗಳ ದಾರಿ.

ಆರಂಭದಲ್ಲಿ ಫ್ರಾನ್ಸಿನ ಲೆರ್ಮುಸಿಯೋ ಮುಂದಿದ್ದನು; ಅವನು ಬಳಲಿದ ಬಳಿಕ, ಎರಡು ಓಟಗಳನ್ನು ಆಗಲೇ ಗೆದ್ದಿದ್ದ ಆಸ್ಟ್ರೇಲಿಯದ ಫ್ಲ್ಯಾಕನು ಮುಂದಾದನು. ಈ ವಾರ್ತೆಯು ಬೈಸಿಕಲ್ ಸವಾರನಿಂದ ಅಂಗಣಕ್ಕೆ ಮುಟ್ಟಿದಾಗ ಸಭೆಯು ಮೌನವಾಯಿತು. ಅನಂತರ ಕುದುರೆಯ ಮೇಲೆ ಬಂದ ಅಧಿಕಾರಿಯೊಬ್ಬನು ಗ್ರೀಕನೊಬ್ಬನು ಮುಂದಿರುವನೆಂದು ರಾಜನಿಗೆ ತಿಳಿಸಿದನು. ಸ್ವಲ್ಪ ಹೊತ್ತಿನಲ್ಲಿ ಮರೂಸಿ ಗ್ರಾಮದ, ತಂದೆಯೊಡನೆ ನಗರಕ್ಕೆ ನೀರು ಹೊರುತ್ತಿದ್ದ ಸ್ಪಿರಿಡಾನ್ ಲೂಯಿಸನು ಧೂಳಿಯಿಂದ ಮುಚ್ಚಿದವನಾಗಿ ಅಂಗಣವನ್ನು ಪ್ರವೇಶಿಸಿದನು. ಯುವರಾಜನೂ ಅವನ ಸೋದರನಾದ ಜಾರ್ಜ್ ರಾಜಕುಮಾರನೂ ಪೀಠವನ್ನು ಬಿಟ್ಟಿಳಿದು ಅವನ ಪಕ್ಕದಲ್ಲಿ ಓಡಿದರು. ಅವನಿಗೆ ಹಿಡಿದ ಕಾಲವು ೨ ಗಂಟೆ ೫೮ ನಿಮಿಷ ೫೦ ಸೆಕೆಂಡು. ನೀರು ಹೊರುವವನೂ ರಾಜಪುತ್ರರೂ ಒಂದೇ ಸಾಲಿನಲ್ಲಿ ಓಡಿದ ಆ ಕೆಲವು ಕ್ಷಣಗಳಲ್ಲಿ, ತೆರಿಗೆ, ಸಾಲ, ಪಕ್ಷಭೇದಗಳಿಂದ ಒಡೆದಿದ್ದ ರಾಜ್ಯವು ತಾನು ಒಂದೇ ಎಂದು ಕಂಡುಕೊಂಡಿತು.

ಮರುದಿನ, ಏಪ್ರಿಲ್ ೧೧ರಂದು, ಎರಡು ಸಂಗತಿಗಳು ನಡೆದುವು. ಸ್ಪರ್ಧೆಗೆ ಅವಕಾಶವು ದೊರೆಯದ ಸ್ತಮಾತಾ ರೆವಿಥಿ ಎಂಬ ಬಡ ಹೆಂಗಸು ಒಬ್ಬಳೇ ಮ್ಯಾರಥಾನಿನಿಂದ ಹೊರಟು, ಸುಮಾರು ಐದೂವರೆ ಗಂಟೆಗಳಲ್ಲಿ ಆಥೆನ್ಸನ್ನು ಸೇರಿದಳು. ಅಂಗಣದ ಬಾಗಿಲು ಅವಳಿಗೆ ತೆರೆಯಲಿಲ್ಲ. ಅದೇ ದಿನ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ತ್ರಿಕೂಪಿಸನು ಮೃತನಾದನು. ಉತ್ಸವದ ದೀಪಗಳು ಎಲ್ಲಿಯವರೆಗೆ ಬೆಳಗಿದುವು, ಎಲ್ಲಿ ಬೆಳಗಲಿಲ್ಲ ಎಂಬುದಕ್ಕೆ ಈ ಎರಡೂ ಸಾಕ್ಷಿಗಳು.

೮. ಉತ್ಸವಾನಂತರ

ಏಪ್ರಿಲ್ ೧೨ರಂದು ರಾಜನು ಕ್ರೀಡಾಪಟುಗಳಿಗೆ ಔತಣವನ್ನಿತ್ತು, ಆಥೆನ್ಸ್ ನಗರವೇ ಈ ಉತ್ಸವಕ್ಕೆ ಸ್ಥಿರವಾದ ನೆಲೆಯಾಗಲೆಂಬ ಆಸೆಯನ್ನು ಪ್ರಕಟಿಸಿದನು. ಅಮೆರಿಕದ ಪಟುಗಳು ಅದನ್ನು ಅನುಮೋದಿಸಿ ಪತ್ರವನ್ನು ಬರೆದರು. ಕೂಬರ್ತಾಂ ಒಪ್ಪಲಿಲ್ಲ, ಉತ್ಸವವು ರಾಷ್ಟ್ರದಿಂದ ರಾಷ್ಟ್ರಕ್ಕೆ ಸಂಚರಿಸತಕ್ಕದ್ದೆಂಬ ಅವನ ಪಕ್ಷವೇ ನಿಂತು, ೧೯೦೦ರಲ್ಲಿ ಅದು ಪ್ಯಾರಿಸಿಗೆ ಹೋಯಿತು. ಆಥೆನ್ಸಿನಲ್ಲಿ ೧೯೦೬ರಲ್ಲಿ ಒಂದು ಮಧ್ಯಕಾಲೀನ ಉತ್ಸವವು ನಡೆದುದು ಬಿಟ್ಟರೆ, ಒಲಿಂಪಿಕ ಕ್ರೀಡೆಗಳು ಅಲ್ಲಿಗೆ ಮರಳಿದುದು ೨೦೦೪ರಲ್ಲಿ.

೧೮೯೭ರ ಏಪ್ರಿಲ್ ತಿಂಗಳಲ್ಲಿ, ಎಂದರೆ ಉತ್ಸವವಾದ ಒಂದೇ ವರ್ಷದಲ್ಲಿ, ಕ್ರೀಟ್ ದ್ವೀಪದ ನಿಮಿತ್ತವಾಗಿ ಗ್ರೀಸಿಗೂ ತುರ್ಕಿಗೂ ಯುದ್ಧವಾಯಿತು. ಆಥೆನ್ಸಿನ ಬೀದಿಗಳಲ್ಲಿ ಜನರು ಮತ್ತೆ ಗುಂಪುಗೂಡಿ, ಈ ಸಾರಿ ಯುದ್ಧಕ್ಕಾಗಿ ಘೋಷಿಸಿದರು. ಪ್ರಧಾನಿಯು ಅದೇ ದೆಲಿಯಾನ್ನಿಸನು. ಥೆಸ್ಸಲಿಯ ಸೇನೆಗೆ ಅಧಿಪತಿಯು ಅದೇ ಯುವರಾಜನು. ಸುಮಾರು ಒಂದು ತಿಂಗಳಲ್ಲಿ ಗ್ರೀಕರು ಸೋತರು. ಯುದ್ಧದಂಡವಾಗಿ ನಾಲ್ವತ್ತು ಲಕ್ಷ ತುರ್ಕಿ ಪೌಂಡುಗಳನ್ನು ತೆರಬೇಕಾಯಿತು. ೧೮೯೮ರಲ್ಲಿ ದೇಶದ ಕೆಲವು ಆದಾಯಗಳ ಮೇಲೆ ಪರರಾಷ್ಟ್ರಗಳ ಆರ್ಥಿಕ ನಿಯಂತ್ರಣವು ಬಂದಿತು.

೯. ವಿಚಾರ ಮತ್ತು ಉಪಸಂಹಾರ

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುತ್ತದೆ. ಉತ್ಸವದ ಗರ್ವವೇ ಯುದ್ಧದ ಗರ್ವಕ್ಕೆ ಬೀಜವಾಯಿತು. ಆದುದರಿಂದ ತ್ರಿಕೂಪಿಸನ ನಿರಾಕರಣವೇ ಸರಿ ಎಂದು. ಇದು ಸಾಧುವಲ್ಲ. ಕ್ರೀಟಿನ ಕಲಹವು ಹಳೆಯದು. ಯುದ್ಧವನ್ನು ಪ್ರೇರಿಸಿದ ರಾಷ್ಟ್ರೀಯ ಸಂಘವು ೧೮೯೪ರಲ್ಲಿಯೇ, ಉತ್ಸವದ ಸಿದ್ಧತೆಗೆ ಮುಂಚೆಯೇ, ಹುಟ್ಟಿದ್ದಿತು. ಒಂದರ ಹಿಂದೆ ಒಂದು ಬಂದ ಮಾತ್ರದಿಂದ ಕಾರ್ಯಕಾರಣಭಾವವು ಸಿದ್ಧಿಸುವುದಿಲ್ಲ. ಕಾಗೆ ಕುಳಿತಾಗ ತಾಳೆಯ ಹಣ್ಣು ಬಿದ್ದರೆ ಅದು ಕಾಕತಾಲೀಯವೇ ಹೊರತು ಕಾಗೆಯ ಪರಾಕ್ರಮವಲ್ಲ. ಅಲ್ಲದೆ ಉತ್ಸವಕ್ಕೆ ಬೇಕಾದ ದ್ರವ್ಯದ ಬಹುಭಾಗವು ಹೊಸ ಸಾಲದಿಂದ ಬಂದುದಲ್ಲ, ದಾನದಿಂದಲೂ ಅಂಚೆಚೀಟಿಗಳಿಂದಲೂ ಬಂದುದು.

ಆದರೆ ತ್ರಿಕೂಪಿಸನ ಮಾತು ವ್ಯರ್ಥವೂ ಅಲ್ಲ. ಉತ್ಸಾಹವು ದ್ರವ್ಯವನ್ನು ತರಬಲ್ಲದು. ಆದರೆ ಲೆಕ್ಕವನ್ನು ಹಿಡಿಯಲಾರದು. ಕ್ರೀಡಾಂಗಣದಲ್ಲಿ ಅದು ಸೋಲನ್ನೂ ಸೌಜನ್ಯದಿಂದ ಸಹಿಸಿತು, ಏಕೆಂದರೆ ಅಲ್ಲಿ ಸೋಲಿಗೆ ಬೆಲೆಯಿರಲಿಲ್ಲ. ರಣರಂಗದಲ್ಲಿ ಅದೇ ಉತ್ಸಾಹವು ಬಲಾಬಲವನ್ನು ಎಣಿಸದೆ ಹೋಯಿತು. ಆವೆರೋಫನು ೧೮೯೯ರಲ್ಲಿ ಮೃತನಾದ ಬಳಿಕ ಅವನ ಮೃತ್ಯುಪತ್ರದ ಹಣವು ಒಂದು ಯುದ್ಧನೌಕೆಯ ಕ್ರಯಕ್ಕೆ ಸಹಾಯವಾಗಿ, ಆ ನೌಕೆಯು ಅವನ ಹೆಸರನ್ನೇ ಧರಿಸಿತು. ಒಂದೇ ಥೈಲಿಯಿಂದ ಕ್ರೀಡಾಂಗಣವೂ ಬಂದಿತು, ಯುದ್ಧನೌಕೆಯೂ ಬಂದಿತು. ಜನರ ಉತ್ಸಾಹವೂ ಅಂತಹುದೇ. ಅದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ.

೨೦೦೪ರಲ್ಲಿ ಮ್ಯಾರಥಾನ್ ಓಟವು ಅದೇ ಅಮೃತಶಿಲೆಯ ಅಂಗಣದಲ್ಲಿ ಮುಗಿಯಿತು. ೨೦೧೦ರಲ್ಲಿ ಗ್ರೀಸ್ ದೇಶವು ಸಾಲದ ಭಾರದಿಂದ ಪರರ ನೆರವನ್ನು ಬೇಡಿತು. ಈ ಎರಡನ್ನೂ ಒಂದಕ್ಕೊಂದು ಗಂಟುಹಾಕುವವರು ೧೮೯೬ರ ವೃತ್ತಾಂತವನ್ನು ಒಮ್ಮೆ ಓದಿ, ಮೇಲೆ ಹೇಳಿದ ನ್ಯಾಯವನ್ನು ಸ್ಮರಿಸುವುದು ಒಳ್ಳೆಯದು. ಅತಿಥಿಗಳನ್ನು ಕರೆಯುವ ಮುನ್ನ ಕಣಜವನ್ನು ನೋಡಬೇಕೆಂದವನೂ ದೇಶಭಕ್ತನೇ. ಕಣಜವು ಬರಿದಾಗಿದ್ದರೂ ನೆರೆಹೊರೆಯಿಂದ ಕೂಡಿಸಿ ಬಡಿಸಿದವರೂ ದೇಶಭಕ್ತರೇ. ಆಥೆನ್ಸಿನ ಅಂಗಣದ ಮುಂದೆ ಬಡಿಸಿದವನ ಪ್ರತಿಮೆಯಿದೆ. ಚರಿತ್ರಕಾರನು ಇಬ್ಬರ ಮಾತನ್ನೂ ಬರೆದಿಡತಕ್ಕದ್ದು.