ಭಯಾನಕ ಚಿತ್ರಸರಣಿಗಳಲ್ಲಿ ಖಳನ ರೂಪಾಂತರ

ಸ್ವರೂಪ

ಒಬ್ಬನೇ ಖಳನನ್ನು ಮತ್ತೆ ಮತ್ತೆ ರಂಗಕ್ಕೆ ತರುವುದು ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಯಕ್ಷಗಾನಕ್ಕೆ ಹಳೆಯ ರೂಢಿ. ಚಲನಚಿತ್ರದಲ್ಲಿ ಇಂಥ ಮುಂದುವರಿಕೆಯ ಚಿತ್ರಗಳ ಸಾಲನ್ನು ಫ್ರಾಂಚೈಸ್, ಅಂದರೆ ಸರಣಿ, ಎನ್ನುತ್ತಾರೆ. ಭಯಾನಕ ಸರಣಿಗಳಲ್ಲಿ ನಾಯಕ ಬದಲಾದರೂ ಖಳ ಹಿಂತಿರುಗುತ್ತಾನೆ. ಆದರೆ ಹೋದಂತೆಯೇ ಹಿಂತಿರುಗುವುದಿಲ್ಲ. ತಿಳಿಯದುದರ ಬಗ್ಗೆ ಭಯ ಹೆಚ್ಚು. ಪ್ರತಿ ಭಾಗವೂ ಅವನ ಬಗ್ಗೆ ಏನನ್ನಾದರೂ ತಿಳಿಸಿಬಿಡುವುದರಿಂದ ಆ ಭಯ ಕುಗ್ಗುತ್ತದೆ; ಹಾಗಾಗಿ ಅವನನ್ನು ಮಾರ್ಪಡಿಸಬೇಕಾಗುತ್ತದೆ.

ಮಾರ್ಪಾಡಿನ ಬಗೆಗಳು

ಮೊದಲನೆಯದು ಪೂರ್ವಕಥೆ. 1978ರ ‘ಹ್ಯಾಲೋವೀನ್’ ಚಿತ್ರದ ಮೈಕೆಲ್ ಮೈಯರ್ಸ್ ಬಿಳಿ ಮುಖವಾಡದ, ಮಾತಿಲ್ಲದ ಕೊಲೆಗಾರ. ಅವನು ನಾಯಕಿಯನ್ನೇ ಏಕೆ ಬೆನ್ನಟ್ಟುತ್ತಾನೆಂಬುದು ಅಲ್ಲಿ ಒಗಟು. 1981ರ ಎರಡನೆಯ ಭಾಗ, ಆಕೆ ಅವನ ತಂಗಿ ಎಂದು ಹೇಳಿ ಒಗಟನ್ನು ಬಿಡಿಸಿತು.

ಎರಡನೆಯದು ಶಕ್ತಿವರ್ಧನೆ. ‘ಫ್ರೈಡೇ ದ ಥರ್ಟೀಂತ್’ ಸರಣಿಯ ಮೊದಲ ಚಿತ್ರದಲ್ಲಿ (1980) ಕೊಲೆಗಾರ್ತಿ, ಸರಣಿಯ ಮುಂದಿನ ಖಳ ಜೇಸನ್ನನ ತಾಯಿ. ಎರಡನೆಯದರಲ್ಲಿ ಕತ್ತಿ ಮಗನ ಕೈಗೆ ಬರುತ್ತದೆ. ಅವನ ಗುರುತಾದ ಹಾಕಿ ಮುಖವಾಡ ಬರುವುದು ಮೂರನೆಯದರಲ್ಲಿ. 1986ರ ಆರನೆಯ ಭಾಗದಲ್ಲಿ ಅವನು ಸಿಡಿಲು ಬಡಿದು ಗೋರಿಯಿಂದೇಳುವ ಶವ.

ಮೂರನೆಯದು ಹಾಸ್ಯ. 1984ರ ಚಿತ್ರವೊಂದರಲ್ಲಿ ಕನಸಿಗೆ ನುಗ್ಗಿ ಕೊಲ್ಲುತ್ತಿದ್ದ ಖಳ ಫ್ರೆಡ್ಡಿ ಕ್ರೂಗರ್, ಮುಂದಿನ ಭಾಗಗಳಲ್ಲಿ ಕೊಲ್ಲುವ ಮುನ್ನ ಚಟಾಕಿ ಹಾರಿಸತೊಡಗಿದ.

ಕನ್ನಡದ ನಿದರ್ಶನ

ಫಾಝಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ (1993) ಆಧರಿಸಿ ಪಿ. ವಾಸು 2004ರಲ್ಲಿ ‘ಆಪ್ತಮಿತ್ರ’ ನಿರ್ದೇಶಿಸಿದರು. ಇಲ್ಲಿ ನಾಗವಲ್ಲಿ ಎಂಬ ನರ್ತಕಿಯ ಪ್ರೇತ ವಾಸ್ತವವಾಗಿ ಇಲ್ಲವೇ ಇಲ್ಲ. ಸೌಂದರ್ಯ ಅಭಿನಯಿಸಿದ ಗಂಗಾ ತನ್ನ ಮನೋರೋಗದಲ್ಲಿ ತಾನೇ ನಾಗವಲ್ಲಿಯಾಗುತ್ತಾಳೆ. ವಿಷ್ಣುವರ್ಧನ್ ಅಭಿನಯದ ಮನೋವೈದ್ಯ ವಿಜಯ್ ಆಕೆಯನ್ನು ಗುಣಪಡಿಸುತ್ತಾನೆ.

ವಿಷ್ಣುವರ್ಧನ್ ನಿಧನಾನಂತರ 2010ರಲ್ಲಿ ತೆರೆಕಂಡ ಮುಂದಿನ ಭಾಗ ‘ಆಪ್ತರಕ್ಷಕ’ದಲ್ಲಿ ಭಯದ ಕೇಂದ್ರವೇ ಸ್ಥಳಾಂತರಗೊಂಡಿತು. ನಾಗವಲ್ಲಿಯನ್ನು ಹಿಂಸಿಸಿದ ರಾಜ ವಿಜಯ ರಾಜೇಂದ್ರ ಬಹದ್ದೂರ್ ಅದರ ಮುಖ್ಯ ಖಳ; ವೈದ್ಯ, ರಾಜ ಎರಡೂ ಪಾತ್ರಗಳು ವಿಷ್ಣುವರ್ಧನ್ ಅವರವೇ. ಮನಸ್ಸಿನೊಳಗಿದ್ದ ಭೀತಿಗೆ ಈಗ ಮೈ, ಖಡ್ಗ, ವಂಶ, ನೂರು ದಾಟಿದ ಆಯುಷ್ಯ ಎಲ್ಲವೂ ದೊರೆತವು. ಅವನ ‘ಹೌಲಾ ಹೌಲಾ’ ಎಂಬ ಉದ್ಗಾರವನ್ನು ಪ್ರೇಕ್ಷಕರು ಹೆದರಿ ಮರೆಯಲಿಲ್ಲ, ಮೆಚ್ಚಿ ಅನುಕರಿಸಿದರು.

ಯಕ್ಷಗಾನದೊಂದಿಗೆ ಹೋಲಿಕೆ

 ಹೊನ್ನಾವರ ಸೀಮೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನಲ್ಲಿ ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷವೆಂದು ಹೆಸರು. ಪಾತ್ರಪ್ರವೇಶದ ಸಾಂಪ್ರದಾಯಿಕ ತೆರೆ ಒಡ್ಡೋಲಗದಲ್ಲಿ ಇಬ್ಬರು ಬಟ್ಟೆಯ ತೆರೆ ಹಿಡಿಯುತ್ತಾರೆ. ಚಂಡೆಯ ನಡುವೆ ಹಿಂದಿನಿಂದ ಅಬ್ಬರ ಕೇಳುತ್ತದೆ. ಮೇಲೆ ಕಿರೀಟದ ಅಂಚು, ಕೆಳಗೆ ಹೆಜ್ಜೆ ಕಾಣುತ್ತವೆ. ಚಿಟ್ಟಿ (ಹಿಟ್ಟಿನ ಉಬ್ಬು ಚುಕ್ಕೆ) ಇಟ್ಟ ಮುಖ ಕ್ಷಣಮಾತ್ರ ಇಣುಕಿ ಮರೆಯಾಗುತ್ತದೆ.

ಪ್ರಸಂಗ ಪ್ರತಿ ರಾತ್ರಿ ಮೊದಲಿನಿಂದ ಆರಂಭವಾಗುತ್ತದೆ. ನಿನ್ನೆ ಸತ್ತ ರಾಕ್ಷಸ ಇಂದು ಹಾಗೆಯೇ ತೆರೆಯ ಹಿಂದೆ ನಿಂತಿರುತ್ತಾನೆ. ಚಿತ್ರಸರಣಿ ನಿಂತಲ್ಲಿಂದ ಮುಂದುವರಿಯಬೇಕು. ಒಮ್ಮೆ ಸರಿಸಿದ ತೆರೆಯನ್ನು ಅದು ಮತ್ತೆ ಹಿಡಿಯಲಾರದು. ಆದ್ದರಿಂದ ಖಳನನ್ನೇ ಬದಲಿಸುತ್ತದೆ.