ಸ್ಟೆಪ್ನಿಯಿಂದ ಸಂವೇದಕದವರೆಗೆ: ಚಕ್ರಕ್ಕೆ ಹೆಸರು ಬಂದ ಕಥೆ

ಕಾರಿನ ಬದಲಿ ಚಕ್ರವನ್ನು ನಾವೆಲ್ಲ ‘ಸ್ಟೆಪ್ನಿ’ ಎಂದು ಕರೆಯುತ್ತೇವೆ. ಇದು ಇಂಗ್ಲಿಷ್ ನಿಘಂಟಿನ ಸಾಮಾನ್ಯ ಪದವಲ್ಲ, ಒಂದು ಬೀದಿಯ ಹೆಸರು ಎಂಬುದು ನಿಮಗೆ ಗೊತ್ತೆ? ವೇಲ್ಸ್ ಪ್ರಾಂತದ ಲನೆತ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಬೀದಿ ಇದೆ. ಆಗಿನ ಕಾರುಗಳಿಗೆ ಬದಲಿ ಚಕ್ರವೇ ಇರುತ್ತಿರಲಿಲ್ಲ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಟೈರು ಕಳಚಿ, ಟ್ಯೂಬಿಗೆ ತೇಪೆ ಹಾಕಬೇಕಿತ್ತು. 1904ರಲ್ಲಿ ಅಲ್ಲಿನ ಡೇವಿಸ್ ಸೋದರರು ಅರಗಳಿಲ್ಲದ ಒಂದು ಚಕ್ರವನ್ನು ಮಾರುಕಟ್ಟೆಗೆ ತಂದರು. ಗಾಳಿ ತುಂಬಿದ ಟೈರನ್ನು ಹೊತ್ತ ಈ ಉಂಗುರವನ್ನು ಪಂಕ್ಚರ್ ಆದ ಚಕ್ರದ ಮಗ್ಗುಲಿಗೆ ಬಿಗಿದು ಪ್ರಯಾಣ ಮುಂದುವರಿಸಬಹುದಿತ್ತು. ಬ್ರಿಟನ್ನಿನಲ್ಲಿ ಈ ಹೆಸರು ಬಹುತೇಕ ಮರೆತುಹೋಗಿದೆ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಮಾತ್ರ ಇಂದಿಗೂ ಉಳಿದಿದೆ.

ಸ್ಟೆಪ್ನಿಯ ಹಿಂದಿನ ತತ್ವ ಸರಳ. ಚಕ್ರ ಒಂದು ಮೂಕ ವಸ್ತು. ಅಳತೆ ಸರಿಹೊಂದಿದರೆ ಒಂದು ಕಾರಿನ ಚಕ್ರವನ್ನು ಇನ್ನೊಂದಕ್ಕೆ ಹಾಕಬಹುದು. ಸುಮಾರು ನೂರು ವರ್ಷ ಈ ತತ್ವಕ್ಕೆ ಅಡ್ಡಿ ಬರಲಿಲ್ಲ. ಈಗ ಬಂದಿದೆ. ಒಂದೇ ಮಾದರಿಯ ಎರಡು ಕಾರುಗಳನ್ನು ಊಹಿಸಿಕೊಳ್ಳಿ. ಹೆಚ್ಚು ಬೆಲೆಯ ನಿಮ್ಮ ಕಾರಿನಲ್ಲಿ ಟೈರಿನ ಒತ್ತಡವನ್ನು ಅಳೆಯುವ ಸಂವೇದಕವಿದೆ, ನೆರೆಯವರ ಕಾರಿನಲ್ಲಿಲ್ಲ. ಅವರ ಚಕ್ರವನ್ನು ನಿಮ್ಮ ಕಾರಿಗೆ ಹಾಕಿದರೆ ಅದು ಉರುಳುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲಿ ಫಲಕದ ಮೇಲೆ ಎಚ್ಚರಿಕೆಯ ದೀಪ ಮಿನುಗತೊಡಗುತ್ತದೆ. ಕಾರಣ ತಿಳಿಯಲು ಇತಿಹಾಸವನ್ನು ನೋಡಬೇಕು.

ಗಾಳಿ ಕಡಿಮೆಯಾದರೆ ಏನಾಗುತ್ತದೆ?

ಗಾಳಿ ಕಡಿಮೆಯಿರುವ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ನೆಟ್ಟಗಾಗುತ್ತವೆ. ರಬ್ಬರನ್ನು ಬಾಗಿಸಲು ವ್ಯಯವಾದ ಶಕ್ತಿಯೆಲ್ಲವೂ ಹಿಂದಿರುಗುವುದಿಲ್ಲ. ಒಂದು ಭಾಗ ಉಷ್ಣವಾಗಿ ಟೈರಿನಲ್ಲೇ ಉಳಿಯುತ್ತದೆ. ವೇಗ, ಹೊರೆ ಮತ್ತು ಬೇಸಗೆ ಮೂರೂ ಕೂಡಿದಾಗ ಟೈರಿನ ಒಳಪದರಗಳ ಬೆಸುಗೆ ಬಿಟ್ಟುಕೊಳ್ಳಬಹುದು. ಅಪಾಯವೆಂದರೆ, ಶೇ. 25ರಷ್ಟು ಗಾಳಿ ಕಡಿಮೆಯಾದ ರೇಡಿಯಲ್ ಟೈರು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ.

ಈ ಕುರುಡುತನವನ್ನು ನೀಗಿಸುವ ಪ್ರಯತ್ನ ಮೊದಲು ನಡೆದದ್ದು ದುಬಾರಿ ಕಾರುಗಳಲ್ಲಿ. 1980ರ ದಶಕದ ಪೋರ್ಷೆ 959 ಕಾರಿನಲ್ಲಿ ಒತ್ತಡವನ್ನು ಗಮನಿಸುವ ಏರ್ಪಾಡಿತ್ತು. 1997ರ ಷೆವ್ರೊಲೆ ಕಾರ್ವೆಟ್‌ನಲ್ಲಿ ಇದು ಅನಿವಾರ್ಯವಾಯಿತು. ಅದರ ಟೈರುಗಳು ಗಾಳಿಯಿಲ್ಲದೆಯೂ ಸ್ವಲ್ಪ ದೂರ ಓಡಬಲ್ಲವಾಗಿದ್ದವು. ಗಾಳಿ ಹೋದದ್ದೇ ಚಾಲಕನಿಗೆ ತಿಳಿಯದಿದ್ದರೆ ಗತಿಯೇನು?

271 ಸಾವುಗಳು

ಸಾಮಾನ್ಯರ ಕಾರಿಗೆ ಸಂವೇದಕ ಬಂದದ್ದು ಒಂದು ದುರಂತದ ಮೂಲಕ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟೈರುಗಳಿಂದ ಮೇಲ್ಪದರ ಕಿತ್ತುಬಂದು, ಗಾಡಿಗಳು ಮಗುಚತೊಡಗಿದವು. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿಯು ಬಳಕೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಈ ಟೈರುಗಳೊಂದಿಗೆ ತಳಕು ಹಾಕಿಕೊಂಡ ಸಾವುಗಳು ಅಮೆರಿಕದಲ್ಲೇ 271 ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಲೆಕ್ಕ ಹಾಕಿತು. ದೋಷ ಟೈರಿನ ರಚನೆಯಲ್ಲಿತ್ತು, ನಿಜ. ಆದರೆ ಗಾಳಿಯ ಒತ್ತಡವೂ ಚರ್ಚೆಗೆ ಬಂತು. ಫೋರ್ಡ್ ಸೂಚಿಸಿದ್ದ ಒತ್ತಡ ಚದರ ಅಂಗುಲಕ್ಕೆ 26 ಪೌಂಡು. 30 ಇರಲಿ ಎಂದು ಫೈರ್‌ಸ್ಟೋನ್ ಆಮೇಲೆ ಹೇಳಿತು.

2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ‘ಟ್ರೆಡ್’ ಕಾಯಿದೆಗೆ ಸಹಿ ಹಾಕಿದರು. ಗಾಳಿ ತೀರಾ ಕಡಿಮೆಯಾದಾಗ ಚಾಲಕನಿಗೆ ತಿಳಿಸುವ ಸಾಧನ ಹೊಸ ವಾಹನಗಳಲ್ಲಿ ಇರಬೇಕೆಂಬುದು ಅದರ ಒಂದು ಅಂಶ.

ಇಲ್ಲಿ ವಿಜ್ಞಾನದ ಒಂದು ಸ್ವಾರಸ್ಯವಾದ ವಾದ ಎದ್ದಿತು. ಒತ್ತಡವನ್ನು ತಿಳಿಯಲು ಎರಡು ದಾರಿಗಳಿವೆ. ಮೊದಲನೆಯದು ಪರೋಕ್ಷ ವಿಧಾನ. ಗಾಳಿ ಕಡಿಮೆಯಾದ ಚಕ್ರದ ಪರಿಣಾಮಕಾರಿ ತ್ರಿಜ್ಯ ತುಸು ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ಬೇಗ ಸುತ್ತುತ್ತದೆ. ಬ್ರೇಕು ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆಯಲ್ಲಿ ಚಕ್ರದ ವೇಗಮಾಪಕಗಳು ಹೇಗೂ ಇರುತ್ತವೆ. ಅವುಗಳ ಅಂಕಿಗಳನ್ನು ಹೋಲಿಸಿದರೆ ಸಾಕು, ಖರ್ಚು ಅತ್ಯಲ್ಪ. ಎರಡನೆಯದು ನೇರ ವಿಧಾನ. ಪ್ರತಿ ಚಕ್ರದೊಳಗೂ ಒಂದು ಸಂವೇದಕವನ್ನಿಟ್ಟು ರೇಡಿಯೊ ಮೂಲಕ ಒತ್ತಡವನ್ನು ತಿಳಿಯುವುದು.

2002ರ ನಿಯಮವು ಕಂಪನಿಗಳಿಗೆ ಆಯ್ಕೆ ಕೊಟ್ಟಿತು. ಯಾವುದಾದರೂ ಒಂದು ಟೈರಿನಲ್ಲಿ ಶೇ. 30ರಷ್ಟು ಕುಸಿತವನ್ನು ಗುರುತಿಸಿದರೂ ನಡೆಯುತ್ತಿತ್ತು. ಆದರೆ ನಾಲ್ಕೂ ಟೈರುಗಳು ತಿಂಗಳುಗಟ್ಟಲೆ ಸಮನಾಗಿ ಗಾಳಿ ಕಳೆದುಕೊಂಡರೆ? ನಾಲ್ಕು ಚಕ್ರಗಳೂ ಒಂದೇ ವೇಗದಲ್ಲಿ ಸುತ್ತುತ್ತವೆ. ಹೋಲಿಕೆಯಲ್ಲಿ ವ್ಯತ್ಯಾಸವೇ ಕಾಣದು. ಗ್ರಾಹಕ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2003ರ ಆಗಸ್ಟ್‌ನಲ್ಲಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. 2005ರ ಹೊಸ ನಿಯಮ ಹೀಗಿದೆ: ಒಂದರಿಂದ ನಾಲ್ಕರವರೆಗೆ ಎಷ್ಟು ಟೈರುಗಳಲ್ಲಿ ಒತ್ತಡ ಶೇ. 25ರಷ್ಟು ಕುಸಿದರೂ 20 ನಿಮಿಷಗಳೊಳಗೆ ದೀಪ ಹೊತ್ತಬೇಕು. 2007ರ ಸೆಪ್ಟೆಂಬರ್‌ನಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಇದು ಅನ್ವಯಿಸಿತು. ಯೂರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇಂಥ ಸಾಧನ ಕಡ್ಡಾಯವಾಯಿತು.

ಚಕ್ರ ಮಾತನಾಡತೊಡಗಿತು

ಸಂವೇದಕದ ತೂಕ ಸುಮಾರು 30 ಗ್ರಾಂ. ಅದು ಅಕ್ಷದಿಂದ 20 ಸೆಂಟಿಮೀಟರ್ ದೂರದಲ್ಲಿದೆ, ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಎನ್ನೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರ ವೇಗೋತ್ಕರ್ಷ ಗುರುತ್ವದ ಸುಮಾರು 175 ಪಟ್ಟು. ಅಂದರೆ ಆ ಪುಟ್ಟ ಪೆಟ್ಟಿಗೆ 5 ಕಿಲೋಗ್ರಾಂನಷ್ಟು ಭಾರವಾದಂತೆ ವರ್ತಿಸುತ್ತದೆ! ಇದನ್ನು ತಾಳಿಕೊಂಡು ಅದು ತನ್ನ ಒತ್ತಡವನ್ನೂ ತನ್ನದೇ ಗುರುತಿನ ಸಂಖ್ಯೆಯನ್ನೂ ಬಿತ್ತರಿಸುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ 315 ಮೆಗಾಹರ್ಟ್ಸ್ ಆವೃತ್ತಿಯಲ್ಲಿ, ಯೂರೋಪಿನಲ್ಲಿ 433 ಮೆಗಾಹರ್ಟ್ಸ್ ಆವೃತ್ತಿಯಲ್ಲಿ. ಹಲವು ಸಂವೇದಕಗಳ ಗುರುತಿನ ಸಂಖ್ಯೆ 32 ಬಿಟ್‌ನದು. ಅಂದರೆ ಸುಮಾರು 429 ಕೋಟಿ ಬೇರೆಬೇರೆ ಹೆಸರುಗಳು ಸಾಧ್ಯ. ಅಕ್ಕಪಕ್ಕದ ಕಾರುಗಳ ಸಂಕೇತಗಳು ಬೆರೆಯದಿರಲು ಹೆಸರು ಬೇಕೇಬೇಕು. ಆದರೆ ಹೆಸರು ಬಂದ ಕೂಡಲೇ ಚಕ್ರ ಒಂದು ಕಾರಿನ ಸ್ವಂತದ್ದಾಯಿತು. 2010ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಸಂಕೇತಗಳನ್ನು 40 ಮೀಟರ್ ದೂರದಿಂದ ಆಲಿಸಿ ತೋರಿಸಿದರು. ಕಾರನ್ನು ಹಿಂಬಾಲಿಸಲು ಅದರ ಚಕ್ರದ ಹೆಸರೇ ಸಾಕಾಗಬಹುದು ಎಂಬ ಆತಂಕ ಅಲ್ಲಿಂದ ಹುಟ್ಟಿತು.

ಈಗ ನಮ್ಮ ಅದಲುಬದಲಿಗೆ ಬರೋಣ. ಸಂವೇದಕವುಳ್ಳ ಚಕ್ರವನ್ನು ಅದಿಲ್ಲದ ಕಾರಿಗೆ ಹಾಕಿದರೆ ತೊಂದರೆಯಿಲ್ಲ. ಚಕ್ರ ಮಾತನಾಡುತ್ತದೆ, ಕೇಳುವವರಿಲ್ಲ. ಅದರ ಬ್ಯಾಟರಿ ಮಾತ್ರ ಸವೆಯುತ್ತದೆ. ಸಂವೇದಕವಿಲ್ಲದ ಚಕ್ರವನ್ನು ಅದನ್ನು ನಿರೀಕ್ಷಿಸುವ ಕಾರಿಗೆ ಹಾಕಿದರೆ, ಅಮೆರಿಕದ ನಿಯಮದಂತೆ ದೀಪ 60ರಿಂದ 90 ಸೆಕೆಂಡು ಮಿನುಗಿ, ಆಮೇಲೆ ಉರಿಯುತ್ತಲೇ ಇರುತ್ತದೆ. ‘ಗಾಳಿ ಕಡಿಮೆ’ ಎಂಬುದು ಇದರ ಅರ್ಥವಲ್ಲ, ‘ನನಗೆ ಕೇಳಿಸುತ್ತಿಲ್ಲ’ ಎಂದು ಅರ್ಥ. ಎರಡೂ ಕಾರುಗಳಲ್ಲಿ ಸಂವೇದಕಗಳಿದ್ದರೂ ಹೊಸ ಹೆಸರುಗಳನ್ನು ಕಾರಿಗೆ ಕಲಿಸಬೇಕು. ಕೆಲವು ಕಾರುಗಳು ಓಡುತ್ತಲೇ ಕಲಿಯುತ್ತವೆ, ಕೆಲವಕ್ಕೆ ಉಪಕರಣ ಬೇಕು. ಪರೋಕ್ಷ ವಿಧಾನದ ಕಾರುಗಳಲ್ಲಿ ಈ ತಲೆನೋವಿಲ್ಲ. ಅಲ್ಲಿ ಚಕ್ರ ಇನ್ನೂ ಮೂಕವೇ. ಗಾಳಿ ಸರಿಪಡಿಸಿ ವ್ಯವಸ್ಥೆಯನ್ನು ಮರುಹೊಂದಿಸಿದರೆ ಆಯಿತು.

ಈ ಪ್ರಶ್ನೆ ತೀವ್ರವಾದದ್ದು ಹಿಮ ಬೀಳುವ ನಾಡುಗಳಲ್ಲಿ. ಅಲ್ಲಿ ಅನೇಕರು ಚಳಿಗಾಲಕ್ಕೆಂದೇ ಇನ್ನೊಂದು ಜೊತೆ ಚಕ್ರಗಳನ್ನು ಇಟ್ಟುಕೊಳ್ಳುತ್ತಾರೆ. ಖರ್ಚು ಉಳಿಸಲು ಅವುಗಳಲ್ಲಿ ಸಂವೇದಕ ಹಾಕಿಸದವರೂ ಇದ್ದಾರೆ. ಆದರೆ ಸಂವೇದಕ ಹೆಚ್ಚು ಉಪಯುಕ್ತವಾಗುವುದು ಆಗಲೇ. ಲೆಕ್ಕ ಹಾಕಿ ನೋಡಿ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಪಕ 32 ಪೌಂಡು ತೋರಿಸಿದರೆ, ವಾಯುಮಂಡಲದ 14.7 ಸೇರಿ ನಿಜವಾದ ಒತ್ತಡ 46.7. ತಾಪ ಸೊನ್ನೆಗಿಂತ 18 ಡಿಗ್ರಿ ಕೆಳಗಿಳಿದಾಗ, ಅಂದರೆ 300 ಕೆಲ್ವಿನ್‌ನಿಂದ 255ಕ್ಕೆ ಇಳಿದಾಗ, ಅದು 39.7 ಆಗುತ್ತದೆ. ಮಾಪಕದಲ್ಲಿ 25! ಒಂದು ತೂತೂ ಇಲ್ಲದೆ ಶೇ. 22ರಷ್ಟು ಕುಸಿತ.

ನಮ್ಮಲ್ಲಿ ಹಿಮದ ಚಿಂತೆಯಿಲ್ಲ. ಆದರೂ ನೀವು ಚಕ್ರ ಬದಲಿಸುವಾಗ ಬೋಲ್ಟುಗಳ ಜೋಡಣೆ, ಅಳತೆ, ಹೊರೆಯ ಮಿತಿ ಸರಿಹೊಂದುತ್ತವೆಯೇ ನೋಡಿ. ಪಂಕ್ಚರ್ ಅಂಗಡಿಯವರಿಗೆ ‘ಒಳಗೆ ಸೆನ್ಸರ್ ಇದೆ’ ಎಂದು ಮೊದಲೇ ಹೇಳಿ, ಟೈರು ಕಳಚುವ ಸಲಾಕೆ ತಾಗಿದರೆ ಅದು ಮುರಿಯುತ್ತದೆ. ದೀಪ ಹೊತ್ತಿಲ್ಲವೆಂದರೆ ಗಾಳಿ ಸರಿಯಾಗಿದೆ ಎಂದಲ್ಲ; ಶೇ. 20ರಷ್ಟು ಕಡಿಮೆಯಿದ್ದರೂ ಅದು ಸುಮ್ಮನಿರಬಹುದು. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಮಾಪಕದಿಂದ ಅಳೆಯುವ ಹಳೆಯ ಅಭ್ಯಾಸವನ್ನು ಬಿಡಬೇಡಿ.

ಕೊನೆಗೊಂದು ಮಾತು. 2020ರಲ್ಲಿ ಭಾರತ ಸರಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ ಟ್ಯೂಬಿಲ್ಲದ ಟೈರು, ಒತ್ತಡ ಸಂವೇದಕ ಮತ್ತು ಟೈರು ದುರಸ್ತಿ ಸಾಮಗ್ರಿ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಲನೆತ್ಲಿಯ ಬೀದಿಯಿಂದ ಬಂದ ಮೂಕ ಚಕ್ರವನ್ನು ಮಾತನಾಡುವ ಚಕ್ರ ಡಿಕ್ಕಿಯಿಂದ ಹೊರಗೆ ಹಾಕುತ್ತಿದೆ. ಆದರೆ ಅದು ಹೇಳಿದ್ದನ್ನು ಕೇಳಿ ಗಾಡಿ ನಿಲ್ಲಿಸಬೇಕಾದವರು ನಾವೇ ಅಲ್ಲವೆ?