ಇಟ್ಟಿಗಿ ಸೀಮೆಯ ಒಕ್ಕಲುತನ ಮತ್ತು ಸಾಲದ ಹೊಣೆ

ಹೂವಿನ ಹಡಗಲಿ ತಾಲ್ಲೂಕಿನ ಪಶ್ಚಿಮೋತ್ತರಗಳ ಎಲ್ಲೆಯಾಗಿ ತುಂಗಭದ್ರೆಯು ಹರಿಯುತ್ತಿದ್ದರೂ, ಇಟ್ಟಿಗಿಯ ಸುತ್ತಣ ಹೊಲಗಳು ಶತಮಾನಗಳ ಕಾಲ ಆಕಾಶವನ್ನೇ ನಂಬಿಕೊಂಡಿದ್ದವು. ಹೊಳೆಯು ತಗ್ಗಿನಲ್ಲಿಯೂ ಹೊಲವು ಎತ್ತರದಲ್ಲಿಯೂ ಇರುವುದೇ ಇದಕ್ಕೆ ಕಾರಣವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸೀಮೆಯೂ ಬಹುಮಟ್ಟಿಗೆ ಇಂತಹದೇ. ಜೋಳ, ನವಣೆ, ಸಜ್ಜೆ, ಹತ್ತಿ, ಶೇಂಗಾ ಇವು ಇಲ್ಲಿಯ ಬೆಳೆಗಳು. ಬಿತ್ತುವ ತಿಂಗಳಲ್ಲಿ ಬೀಜ, ಎತ್ತು, ಆಳುಗಳ ಖರ್ಚು ಬರುವುದು. ಕಣದ ರಾಶಿಯಾಗುವ ತನಕ ಮನೆಗೆ ಕಾಸಿನ ಹುಟ್ಟುವಳಿ ಇರದು. ಈ ನಡುವಣ ತೆರಪನ್ನು ತುಂಬತಕ್ಕದ್ದೇ ಸಾಲವು. ಆದುದರಿಂದ ಒಕ್ಕಲುಮಗನ ಸಾಲವನ್ನು ದುಂದುಗಾರಿಕೆಯ ಫಲವೆಂದು ಜರೆದವರು ಕೂರಿಗೆಯನ್ನು ಹಿಡಿದವರಲ್ಲವೆಂದೇ ಹೇಳಬೇಕು. ಸಾಲವನ್ನು ಯಾರು ಕೊಟ್ಟರು, ಯಾವುದನ್ನು ಹೊಣೆಯಾಗಿ ಹಿಡಿದು ಕೊಟ್ಟರು ಎಂಬುದೇ ವಿಚಾರಿಸತಕ್ಕ ವಿಷಯವು.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟನು. ದತ್ತಮಂಡಲಗಳೆಂದು ಹೆಸರಾದ ಈ ಜಿಲ್ಲೆಗಳ ಆಡಳಿತವನ್ನು 1807ರ ವರೆಗೆ ಥಾಮಸ್ ಮನ್ರೋ ಸಾಹೇಬನು ನೋಡಿಕೊಂಡನು. ಪಾಳೆಯಗಾರರ ಕಾಲದ ಹಾವಳಿಯಿಂದ ಪಾಳುಬಿದ್ದ ಭೂಮಿಯನ್ನು ಸಾಗುವಳಿಗೆ ತರುವುದಕ್ಕಾಗಿ ಅವನು ರೈತರಿಗೆ ತಕಾವಿಯನ್ನು, ಎಂದರೆ ಎತ್ತು ಬಾವಿಗಳಿಗೆಂದು ಸರಕಾರದ ಮುಂಗಡವನ್ನು, ಕೊಡಿಸಿದನು. ಆದರೆ ರೈತವಾರಿ ಪದ್ಧತಿಯು ಬೇರೂರಿದ ಮೇಲೆ ಕಂದಾಯವನ್ನು ನಗದಿನಲ್ಲಿಯೇ ಗೊತ್ತಾದ ಕಂತಿಗೆ ಕಟ್ಟಬೇಕಾಯಿತು. ಕಾಳಿಗೆ ಬೆಲೆ ಬರಲಿ ಬಾರದಿರಲಿ, ಕಂತು ಕಾಯದು. ಹೀಗಾಗಿ ರೈತನು ಸಾಹುಕಾರನ ಜಗಲಿಯನ್ನು ಹತ್ತುವುದು ಅನಿವಾರ್ಯವಾಯಿತು. ಪಟ್ಟಾ ಇದ್ದ ಭೂಮಿಯನ್ನು ಅಡವು ಇಡುವುದಕ್ಕೂ, ನ್ಯಾಯಾಲಯದ ಹುಕುಮಿನಿಂದ ಹರಾಜಿಗೆ ತರುವುದಕ್ಕೂ ಸುಲಭವಾದುದರಿಂದ ಹೊಲವೇ ಮುಖ್ಯವಾದ ಹೊಣೆಯಾಯಿತು.

ಸಾಹುಕಾರನ ವಿಷಯದಲ್ಲಿ ನ್ಯಾಯವಾಗಿ ನುಡಿಯಬೇಕು. ನಡುರಾತ್ರಿಯಲ್ಲಿ ಬಾಗಿಲು ತಟ್ಟಿದರೂ ಅವನು ಕೊಡುತ್ತಿದ್ದನು. ಮದುವೆಗೂ ಬೇನೆಗೂ ಶವಸಂಸ್ಕಾರಕ್ಕೂ ಕೊಡುತ್ತಿದ್ದನು, ಅರ್ಜಿಯನ್ನು ಕೇಳುತ್ತಿರಲಿಲ್ಲ. ಆದರೆ ಬಿತ್ತನೆಗೆ ಕೊಟ್ಟ ಕಾಳು ಸುಗ್ಗಿಯಲ್ಲಿ ಸವಾಯಿಯಾಗಿ ಹಿಂತಿರುಗಬೇಕಾಗಿದ್ದಿತು. ತಪ್ಪಿದರೆ ಬಡ್ಡಿಯು ಅಸಲಿಗೆ ಸೇರಿ ಚಕ್ರಬಡ್ಡಿಯಾಗುತ್ತಿದ್ದಿತು. ಕೊನೆಗೆ ಹೊಲವು ಭೋಗ್ಯಕ್ಕೆ ಹೋಗಿ, ಒಡೆಯನಾಗಿದ್ದವನು ತನ್ನ ಹೊಲದಲ್ಲಿಯೇ ಕೋರಿನ ಆಳಾಗುತ್ತಿದ್ದನು.

1876ರಿಂದ 1878ರ ವರೆಗಿನ ಘೋರ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯ ಕಷ್ಟವು ವರ್ಣನಾತೀತವಾದುದು. 1871ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತು. ಎತ್ತು ಸತ್ತ ಮನೆಗೆ ಸಾಹುಕಾರನೂ ಕೊಡಲಾರನು. ಆ ಬಳಿಕ ಸರಕಾರವು 1883ರಲ್ಲಿ ಭೂಮಿಯ ಸುಧಾರಣೆಯ ಸಾಲಗಳ ಕಾಯಿದೆಯನ್ನೂ 1884ರಲ್ಲಿ ಬೇಸಾಯಗಾರರ ಸಾಲಗಳ ಕಾಯಿದೆಯನ್ನೂ ಮಾಡಿತು. ಕಾಯಿದೆಗಳು ಒಳ್ಳೆಯವೇ. ಆದರೆ ಅರ್ಜಿಯು ಕರಣಿಕನ ಕಟ್ಟಿಯಿಂದ ತಾಲ್ಲೂಕು ಕಚೇರಿಗೆ ಹೋಗಿ, ತನಿಖೆಯಾಗಿ ಹಿಂತಿರುಗುವಷ್ಟರಲ್ಲಿ ಬಿತ್ತನೆಯ ಹದವು ಮೀರಿದರೆ, ಆ ಹಣದಿಂದ ಪ್ರಯೋಜನವೇನು?

ಈ ಸಂದರ್ಭದಲ್ಲಿ ಮದರಾಸು ಸರಕಾರವು ಫ್ರೆಡರಿಕ್ ನಿಕೋಲ್‌ಸನ್ ಎಂಬ ಅಧಿಕಾರಿಯನ್ನು ಯೂರೋಪಿನ ರೈತಬ್ಯಾಂಕುಗಳ ಪರಿಶೀಲನೆಗೆ ನೇಮಿಸಿತು. ಆತನ ವರದಿಯ ಎರಡು ಸಂಪುಟಗಳು 1895ರಲ್ಲಿಯೂ 1897ರಲ್ಲಿಯೂ ಹೊರಬಂದವು. ಜರ್ಮನಿಯ ಹಳ್ಳಿಗಳಲ್ಲಿ ರೈಫೀಸನ್ ಎಂಬ ಮಹನೀಯನು ಕಟ್ಟಿದ ಸಂಘಗಳಲ್ಲಿ ಆತನಿಗೆ ದಾರಿ ಕಂಡಿತು. ಅಲ್ಲಿ ಹೊಣೆಯಾದುದು ಹೊಲವಲ್ಲ, ನೆರೆಹೊರೆಯವರ ಪರಸ್ಪರ ನಂಬಿಕೆಯು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಈ ತತ್ತ್ವವನ್ನೇ ಅಂಗೀಕರಿಸಿತು. ಹತ್ತು ಮಂದಿ ಕೂಡಿದರೆ ಸಂಘವಾಗಬಹುದು. ಗ್ರಾಮಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಬೇಸಾಯಗಾರರಾಗಿರಬೇಕು. ಒಬ್ಬನ ಸಾಲಕ್ಕೆ ಎಲ್ಲರೂ ಮಿತಿಯಿಲ್ಲದೆ ಹೊಣೆಗಾರರು.

ಹೊಳೆಯ ಆಚೆಯ ದಡದಲ್ಲಿ, ಅಂದು ಮುಂಬಯಿ ಇಲಾಖೆಗೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕಟ್ಟಿದ ಸಂಘವು 1905ರ ಮೇ 8ರಂದು ನೋಂದಣಿಯಾಯಿತು. ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘವೆಂಬ ಕೀರ್ತಿಯು ಅದಕ್ಕೆ ಸಂದಿದೆ. ಹಡಗಲಿ ಸೀಮೆಯವರಿಗೆ ಅದು ಹೊಳೆ ದಾಟಿದರೆ ಒಂದೆರಡು ದಿನದ ಬಂಡಿದಾರಿಯು. ಕಾಯಕ ಮಾಡುವವನ ನಡತೆಯೇ ಅವನ ಆಸ್ತಿಯೆಂದು ಬಗೆದ ಶರಣರ ನಾಡಿನಲ್ಲಿ ಇಂತಹ ಸಂಘಕ್ಕೆ ಮಣ್ಣು ಮೊದಲೇ ಹದವಾಗಿದ್ದಿತೆಂದರೆ ಅತಿಶಯೋಕ್ತಿಯಾಗದು. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ಅನುಯಾಯಿಗಳಿಗೆ, ಹತ್ತು ಜನರ ಹಣದ ಲೆಕ್ಕವನ್ನು ಶುದ್ಧವಾಗಿ ಇಡುವುದು ಲೌಕಿಕವೆಂದು ತಳ್ಳಿಬಿಡತಕ್ಕ ಕೆಲಸವೂ ಆಗಿರಲಿಲ್ಲ.

ಆದರೂ ಒಣಬೇಸಾಯದ ಸೀಮೆಯಲ್ಲಿ ಈ ತತ್ತ್ವಕ್ಕೆ ಒಂದು ಕಠಿಣವಾದ ಅಡ್ಡಿಯು ಒದಗಿತು. ಹತ್ತು ಜನ ಹೊಣೆಗಾರರ ಹೊಲಗಳೂ ಒಂದೇ ಮೋಡದ ಕೆಳಗೆ ಇರುವವು. ಮಳೆಯು ಕೈಕೊಟ್ಟರೆ ಸಾಲಗಾರನೂ ಜಾಮೀನುದಾರನೂ ಒಂದೇ ದಿನ ಬರಿಗೈಯಾಗುವರು. ಆಗ ಪ್ರಾಮಾಣಿಕತೆಗೆ ಕೊರತೆಯಿಲ್ಲದಿದ್ದರೂ ಬಾಕಿಯು ಬೆಳೆಯುವುದು. ಬಾಕಿಯಿದ್ದ ಸಂಘಕ್ಕೆ ಮೇಲಣ ಬ್ಯಾಂಕು ಹಣ ಕೊಡದು. ಬಾಕಿದಾರರೆಲ್ಲ ಮೋಸಗಾರರೆಂದು ಬರೆದ ತನಿಖೆಗಾರರು ಈ ಮೋಡದ ಲೆಕ್ಕವನ್ನು ಮರೆತರು. ಇದರ ಜೊತೆಗೆ, ಊರ ದೊಡ್ಡವರೇ ಸಂಘದ ಪೆಟ್ಟಿಗೆಯ ಬೀಗದ ಕೈಯನ್ನು ಹಿಡಿದ ಕಡೆ ಭೂಮಿಯಿಲ್ಲದವನಿಗೆ ಜಾಮೀನು ನಿಲ್ಲುವವರೇ ಇರಲಿಲ್ಲ.

1929ರ ಬಳಿಕ ಜಗತ್ತಿನ ಪೇಟೆಗಳಲ್ಲಿ ಧಾರಣೆಯು ಕುಸಿದಾಗ, ಅದೇ ಸಾಲವನ್ನು ತೀರಿಸಲು ಹೆಚ್ಚು ಹತ್ತಿಯನ್ನು ಅಳೆದುಕೊಡಬೇಕಾಯಿತು. 1938ರಲ್ಲಿ ರಾಜಗೋಪಾಲಾಚಾರಿಯವರ ಮಂತ್ರಿಮಂಡಲವು ಮದರಾಸು ಕೃಷಿಕರ ಪರಿಹಾರ ಕಾಯಿದೆಯನ್ನು ತಂದು ಹಳೆಯ ಬಡ್ಡಿಯನ್ನು ಕಡಿದುಹಾಕಿತು. ಅಸಲಿನ ಎರಡರಷ್ಟನ್ನು ಕೊಟ್ಟವನ ಸಾಲವು ತೀರಿದಂತೆಯೇ ಎಂಬ ನ್ಯಾಯವೂ ಅದರಲ್ಲಿದ್ದಿತು. ಪರಿಹಾರವು ದೊಡ್ಡದು. ಆದರೆ ಹಳೆಯ ಸಾಲವನ್ನು ಇಳಿಸಿದ ಕಾಯಿದೆಯು ಹೊಸ ಬೀಜಕ್ಕೆ ಹಣವನ್ನು ಕೊಡಲಾರದು. ರಿಸರ್ವ್ ಬ್ಯಾಂಕಿನ ಪರವಾಗಿ 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ಕಂಡದ್ದೂ ಇದೇ: ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ 3.1, ಸರಕಾರದ್ದು 3.3, ವಾಣಿಜ್ಯ ಬ್ಯಾಂಕುಗಳದು 0.9, ಲೇವಾದೇವಿಗಾರರದು ಸುಮಾರು 70.

1953ರ ಅಕ್ಟೋಬರ್ 1ರಂದು ಹಡಗಲಿ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗಳಿಗೆ ನೀರು ಹರಿಯಿತು. ಆದರೆ ಆ ನೀರು ಪೂರ್ವದ ಕಡೆಗೆ, ಹೊಸಪೇಟೆ, ಬಳ್ಳಾರಿ, ಸಿರುಗುಪ್ಪಗಳತ್ತ ನಡೆಯಿತು. ಪಶ್ಚಿಮದ ತಾಲ್ಲೂಕಿನ ಪಾಲಿಗೆ ಬಂದುದು ಹಿನ್ನೀರಿನ ಮುಳುಗಡೆಯು. ನೀರಾವರಿಯ ಎಕರೆಗೆ ಸಾಲದ ಮಿತಿಯು ಹೆಚ್ಚು, ಒಣಭೂಮಿಯ ಎಕರೆಗೆ ಕಡಮೆ ಎಂಬುದು ಬ್ಯಾಂಕಿನ ಪದ್ಧತಿಯಾದುದರಿಂದ, ನೀರು ಹೋದ ಕಡೆಗೆ ಹಣವೂ ಹೋಯಿತು.

1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದವು. 1976ರಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಅದು ಮುಂದೆ ಹಲವು ವಿಲೀನಗಳಿಂದ ಹೆಸರು ಬದಲಿಸುತ್ತ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿದೆ. ದೇವರಾಜ ಅರಸರ ಸರಕಾರದ 1976ರ ಋಣಪರಿಹಾರ ಕಾಯಿದೆಯು ಸಣ್ಣ ರೈತರನ್ನೂ ಕೂಲಿಕಾರರನ್ನೂ ಹಳೆಯ ಋಣದಿಂದ ಬಿಡಿಸಿತು. 2019ರ ಸಮೀಕ್ಷೆಯಂತೆ ದೇಶದ ಗ್ರಾಮೀಣ ಕುಟುಂಬಗಳ ಸಾಲದಲ್ಲಿ ಸಂಸ್ಥೆಗಳ ಪಾಲು ನೂರಕ್ಕೆ 66. ಎಪ್ಪತ್ತು ವರ್ಷಗಳಲ್ಲಿ ಇದು ಅಲ್ಪವಾದ ಸಾಧನೆಯಲ್ಲ.

ಉಳಿದ ಮೂರರಲ್ಲೊಂದು ಪಾಲು ಯಾರದು? ಸಂಸ್ಥೆಯು ಬೆಳೆಸಾಲಕ್ಕೆ ಮೊದಲು ಕೇಳುವುದು ಪಹಣಿಯನ್ನು. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಪಹಣಿಯು ನಿಂತ ಮನೆಯಲ್ಲಿ ಮೊಮ್ಮಕ್ಕಳು ಉಳುತ್ತಿದ್ದರೂ ಸಾಲಕ್ಕೆ ಅರ್ಹರಲ್ಲ. ಕೋರಿಗೆ ಮಾಡುವವನ ಹೆಸರು ಕಾಗದದಲ್ಲಿಲ್ಲ. ಗಂಡನನ್ನು ಕಳೆದುಕೊಂಡು ಒಕ್ಕಲುತನವನ್ನು ತಾನೇ ನಡೆಸುವ ತಾಯಿಯ ಹೆಸರು ಖಾತೆಗೆ ಏರುವ ವರೆಗೆ ಮುಂಗಾರು ಒಂದೆರಡು ಕಳೆದುಹೋಗುವುದೂ ಉಂಟು. 1992ರಿಂದ ನಬಾರ್ಡಿನ ಬೆಂಬಲದೊಡನೆ ಬ್ಯಾಂಕುಗಳು ಸ್ವಸಹಾಯ ಸಂಘಗಳಿಗೆ ಸಾಲ ಕೊಡತೊಡಗಿದಾಗ, ಇಂತಹ ತಾಯಂದಿರಿಗೆ ಒಂದು ಬಾಗಿಲು ತೆರೆಯಿತು. ಹತ್ತಿಪ್ಪತ್ತು ಮಂದಿ ಒಬ್ಬರಿಗೊಬ್ಬರು ಹೊಣೆಯಾಗುವ ಆ ಕ್ರಮವು ಕಣಗಿನಹಾಳದ ಕ್ರಮವೇ ಹೌದು. ಆದರೆ ಅದೇ ಪರಸ್ಪರ ಹೊಣೆಯನ್ನು ವಸೂಲಿಯ ಕೊರಳುಗಣ್ಣಿಯಾಗಿ ಮಾಡಿಕೊಂಡ ಸಾಲದ ಕಂಪನಿಗಳೂ ಹಳ್ಳಿಗಳನ್ನು ಹೊಕ್ಕವು. ಅವುಗಳ ಬಲಾತ್ಕಾರದ ವಸೂಲಿಯನ್ನು ತಡೆಯಲು ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಸಹಕಾರಿ ಸಂಘಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಅಲ್ಪಾವಧಿಯ ಬೆಳೆಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಬಡ್ಡಿಯಿಲ್ಲದ ಈ ಹಣಕ್ಕೂ ಪಹಣಿಯೇ ಬಾಗಿಲು. ಖಾತೆಯ ಬದಲಾವಣೆಗೆ ಬೇಕಾಗುವ ವಂಶವೃಕ್ಷವನ್ನೂ ಮರಣಪತ್ರವನ್ನೂ ಹೊಂದಿಸಿಕೊಡುವ ಒಬ್ಬ ಓದುಬಲ್ಲ ಶಿಷ್ಯನು ಊರಿಗೊಬ್ಬನಂತೆ ದೊರೆತರೆ, ಇಟ್ಟಿಗಿ ಸೀಮೆಯ ಎಷ್ಟೋ ಮನೆಗಳು ಬರುವ ಮುಂಗಾರಿಗೆ ಮುನ್ನವೇ ಆ ಬಾಗಿಲೊಳಗೆ ಕಾಲಿಡಬಲ್ಲವು.